ಬೆನ್ನುನೀರಿನ ವರದಿಯಲ್ಲಿ ಖಾಲಿ ಬಿಟ್ಟ ಸಾಲು

ಮಳೆ ಜೋರಾದರೆ ಸಾಕು, ಮಂಗಳೂರು, ಉಡುಪಿ ಕಡೆಯ ವಾರ್ಡುಗಳಲ್ಲಿ ಜ್ವರ, ತಲೆನೋವು, ಮಂಪರು. ಬೆನ್ನಿನ ನೀರು (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ, ಅಂದರೆ ಸಿಎಸ್‌ಎಫ್) ತೆಗೆದಾಯ್ತು, ವರದಿ ಬಂತು ಅಂತಿಟ್ಟುಕೊಳ್ಳಿ. ಕೋಶ 120, ಬಹುಪಾಲು ಲಿಂಫೋಸೈಟ್ ಎಂಬ ಬಿಳಿ ರಕ್ತಕಣ. ಪ್ರೋಟೀನ್ 110, ಸಕ್ಕರೆ 48. ನೋಡಿದ್ದೇ ತಡ, "ಟಿಬಿ ಮೆನಿಂಜೈಟಿಸ್ (ಕ್ಷಯದಿಂದ ಮೆದುಳಿನ ಪೊರೆಯ ಉರಿಯೂತ)!"

ಸ್ವಲ್ಪ ತಾಳಿ. ರಕ್ತದ ಸಕ್ಕರೆ ಎಷ್ಟಿತ್ತು? ಬರೆದಿಲ್ಲ. ಬೆನ್ನುನೀರಿನ ಒತ್ತಡ? ಅಳೆದೇ ಇಲ್ಲ. ನನ್ನ ತಕರಾರು ಇದೇ.

ಸಕ್ಕರೆ 48 ಅನ್ನೋದಕ್ಕೆ ಒಂಟಿಯಾಗಿ ಅರ್ಥವಿಲ್ಲ. ರಕ್ತದಲ್ಲಿ 80 ಇದ್ದರೆ ಅನುಪಾತ 0.6, ಸಹಜ. 240 ಇದ್ದರೆ 0.2, ಅಪಾಯ. ಡಯಾಬಿಟಿಸ್ ಇಷ್ಟೊಂದಿರುವ ಊರಲ್ಲಿ ಬೆಳಗಿನ ಹಳೇ ರೀಡಿಂಗ್ ನಂಬಬೇಡಿ. ಸೂಜಿ ಹಾಕುವ ಮುಂಚೆಯೇ ರಕ್ತ ತೆಗೆಯಿರಿ. ಅನುಪಾತ ಸಹಜವಾಗಿದ್ದರೆ ನಮ್ಮ ಕರಾವಳಿಯಲ್ಲಿ ಇಲಿಜ್ವರ, ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ), ವೈರಸ್ ಮೊದಲು ನೆನಪಾಗಬೇಕು. ಕಂಕುಳು, ತೊಡೆಸಂದಿ, ಸ್ತನದ ಕೆಳಗೆ ಸ್ಕ್ರಬ್ ಟೈಫಸ್‌ನ ಗುರುತಾದ ಕಪ್ಪು ಹಕ್ಕಳೆ ಹುಡುಕಿ. ಎಡಿಎ (ಟಿಬಿಯಲ್ಲಿ ಏರುವ ಕಿಣ್ವ) 10 ದಾಟಿತು ಅಂತ ತೀರ್ಪು ಕೊಡಬೇಡಿ, ಬೇರೆ ಸೋಂಕಿನಲ್ಲೂ ಏರುತ್ತದೆ. ಹಾಗೇ, 1 ಮಿಲೀ ಕಳಿಸಿ ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನ್ ಪರೀಕ್ಷೆ) ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತಲೂ ಅಲ್ಲ. 6 ಮಿಲೀಗಿಂತ ಹೆಚ್ಚು ತೆಗೆದು, ಸೆಂಟ್ರಿಫ್ಯೂಜ್ ಮಾಡಿದ ಗಸಿ ಪರೀಕ್ಷಿಸಬೇಕು. ರೋಗಿ ಕುಸಿಯುತ್ತಿದ್ದು ಟಿಬಿಯ ಸಂಶಯ ಬಲವಾಗಿದ್ದರೆ ಮಾತ್ರ ವರದಿಗೆ ಕಾಯುವುದು ಬೇಡ, ಔಷಧಿ ಶುರುವಾಗಲಿ.

ಇನ್ನು ಒತ್ತಡ. ರೋಗಿ ಪಕ್ಕಕ್ಕೆ ಮಲಗಿರಬೇಕು. ಕೂರಿಸಿ ಅಳೆದರೆ ಅಂಕಿ ಸುಳ್ಳೇ ಏರುತ್ತದೆ. ಸೂಜಿ ಒಳಗೆ ಹೋದ ಮೇಲೆ ಕಾಲು ಸಡಿಲಿಸಿ, ಉಸಿರು ಬಿಡಿಸಿ, ಆಮೇಲೆ ಓದಿ. ವಯಸ್ಕರಲ್ಲಿ 25 ಸೆಂಟಿಮೀಟರ್ ನೀರಿನ ತನಕ ಸರಿ. ಒತ್ತಡ ಅಳೆಯುವ ಮ್ಯಾನೋಮೀಟರ್ ಇಲ್ಲವೇ? ಸ್ಟೆರೈಲ್ ಎಕ್ಸ್‌ಟೆನ್ಷನ್ ಟ್ಯೂಬನ್ನು ನೆಟ್ಟಗೆ ಹಿಡಿದು ಸ್ಕೇಲಿನಲ್ಲಿ ಅಳೆಯಿರಿ, ನೆಪ ಬೇಡ.

ಯಾಕಿಷ್ಟು ಹಠ? ಎಚ್‌ಐವಿ ಇರುವವರಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ ಸೋಂಕು ಬಂದರೆ ಕೋಶ, ಪ್ರೋಟೀನ್ ಎರಡೂ ಸಹಜಕ್ಕೆ ಹತ್ತಿರವಿರಬಹುದು, ಒತ್ತಡ ಮಾತ್ರ 38. ನೀರು ಹೀರಿಕೊಳ್ಳುವ ದಾರಿಯನ್ನೇ ಶಿಲೀಂಧ್ರ ಕಟ್ಟುತ್ತದೆ. ಅಲ್ಲಿ ಮೆದುಳಿನ ಒತ್ತಡ ಇಳಿಸುವ ಔಷಧಿ ಮ್ಯಾನಿಟಾಲ್ ಪ್ರಯೋಜನಕ್ಕಿಲ್ಲ. ಒತ್ತಡ 20ಕ್ಕಿಂತ ಕೆಳಗೆ ಅಥವಾ ಅರ್ಧಕ್ಕೆ ಇಳಿಯುವಷ್ಟು ನೀರು ತೆಗೆಯಬೇಕು, ಬೇಕಾದರೆ ದಿನವೂ. ಆ ಶಿಲೀಂಧ್ರ ಪತ್ತೆಹಚ್ಚುವ ಕ್ರಿಪ್ಟೋಕಾಕಲ್ ಆ್ಯಂಟಿಜೆನ್ ಪರೀಕ್ಷೆಗೆ ಕಳಿಸೋದು ಹೊಳೆಯುವುದೇ ಆ ಅಂಕಿಯಿಂದ.

ಬರೀ ಒತ್ತಡ ಏರಿ ಉಳಿದದ್ದೆಲ್ಲ ಸರಿಯಿದ್ದರೆ, ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಅಂತ ಎಂಆರ್ ವೀನೋಗ್ರಾಮ್ (ಅಭಿಧಮನಿಗಳ ಎಂಆರ್‌ಐ) ಮಾಡಿಸಿ.

ಕೊನೆಗೆ ಟ್ಯೂಬಿನ ಮೇಲೆ ಸಮಯ ಬರೆಯಿರಿ. ಕುಂದಾಪುರದಲ್ಲಿ ತೆಗೆದದ್ದು ಮಣಿಪಾಲದ ಲ್ಯಾಬ್ ಸೇರಿ ಎಣಿಕೆಯಾಗೋ ಹೊತ್ತಿಗೆ ಎರಡು ಗಂಟೆ ಕಳೆದರೆ ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಸುಮಾರು ಅರ್ಧ ಕರಗಿರುತ್ತದೆ. ಉಳಿದ ಲಿಂಫೋಸೈಟ್ ನೋಡಿ ಮತ್ತೆ ಟಿಬಿ ಅಂತೀರಿ.