ಪಿಸಿಓಎಸ್: ಖಾಲಿ ಹೊಟ್ಟೆಯ ಸಕ್ಕರೆ ನೋಡಿದರೆ ಸಾಲದು

ಕೇಳುಗರಿಗೆ ನಮಸ್ಕಾರ. ಮುಟ್ಟು ಎರಡು ಮೂರು ತಿಂಗಳು ಮುಂದೆ ಹೋಗುವುದು, ಗಲ್ಲದ ಮೇಲೆ ಕೂದಲು, ಮೊಡವೆ. ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಇಷ್ಟೇ ಎಂದುಕೊಂಡು, ಮದುವೆಯಾಗಿ ಮಗುವಾದರೆ ಸರಿಹೋಗುತ್ತದೆ ಎಂದು ಸುಮ್ಮನಾಗುವ ಮನೆಗಳು ಮೈಸೂರು, ಮಂಡ್ಯದಲ್ಲಿ ಕಡಿಮೆಯಿಲ್ಲ. ಸರಿಹೋಗುವುದಿಲ್ಲ. ಮಕ್ಕಳಾದ ಮೇಲೂ ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬಿನ ಯಕೃತ್ತಿನ ಅಪಾಯ ಉಳಿದೇ ಇರುತ್ತದೆ.

ಪಿಸಿಓಎಸ್ ಇರುವ ಹೆಚ್ಚಿನವರಿಗೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಕೊರತೆಯಿಲ್ಲ. ಮೈ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಆದ್ದರಿಂದ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಏರಿಸುತ್ತದೆ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗುವುದು ಇದರ ಗುರುತು. ಅದು ಕೊಳೆಯಲ್ಲ, ಹುಡುಗಿಯನ್ನು ಬೈದು ಉಜ್ಜಿಸಬೇಡಿ. ತೆಳ್ಳಗಿರುವವರಲ್ಲೂ ಈ ತೊಂದರೆ ಇರಬಹುದು.

ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 92, ಅಂದರೆ ಸರಿಯಾಗಿಯೇ ಬಂದರೂ ಊಟದ ನಂತರ ಏರುತ್ತಿರಬಹುದು. ಹಾಗಾಗಿ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಕೇಳಿ. ಅದಕ್ಕೆ ಮುಂಚೆ ಮೂರು ದಿನ ಅನ್ನ, ಮುದ್ದೆ ಎಂದಿನಂತೆ ಉಣ್ಣಬೇಕು. ಪರೀಕ್ಷೆಗೆಂದು ಪಥ್ಯ ಹಿಡಿದರೆ ಫಲಿತಾಂಶ ತಪ್ಪುತ್ತದೆ. ರಾತ್ರಿಯಿಂದ ಕನಿಷ್ಠ ಎಂಟು ಗಂಟೆ ನೀರು ಮಾತ್ರ. ಮೊದಲ ರಕ್ತ ಕೊಟ್ಟು, ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿದ ಗ್ಲೂಕೋಸನ್ನು ಐದು ನಿಮಿಷದೊಳಗೆ ಕುಡಿಯಿರಿ. 100 ಗ್ರಾಂ ಪೊಟ್ಟಣ ತಂದು ಪೂರ್ತಿ ಸುರಿಯುವ ತಪ್ಪು ಆಗುತ್ತದೆ, ನೋಡಿಕೊಳ್ಳಿ. ಆಮೇಲೆ ಎರಡು ಗಂಟೆ ಅಲ್ಲೇ ಕುಳಿತಿರಿ. ಕಾಫಿಗೆ ಹೋಗುವುದಾಗಲಿ, ಮಾರ್ಕೆಟ್ ಸುತ್ತುವುದಾಗಲಿ ಬೇಡ. ವಾಂತಿಯಾದರೆ ಇನ್ನೊಂದು ದಿನ ಮೊದಲಿಂದ. ಎರಡನೆಯ ರಕ್ತದಲ್ಲಿ 140ಕ್ಕಿಂತ ಕಡಿಮೆ ಇದ್ದರೆ ಸರಿ. 140ರಿಂದ 199 ಎಚ್ಚರಿಕೆಯ ಹಂತ. 200 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಮಟ್ಟ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಸಾಲದೇ ಎನ್ನಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗಿ ಕಬ್ಬಿಣಾಂಶ ಕುಸಿದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸಬಹುದು.

ಜೊತೆಗೆ ಕೊಲೆಸ್ಟರಾಲ್ ಪರೀಕ್ಷೆಯೂ ಆಗಲಿ, ಬಿಪಿ ವರ್ಷಕ್ಕೊಮ್ಮೆ. ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಿದ್ದರೆ ಗಮನ ಬೇಕು.

ಊಟದ ವಿಷಯ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆವು ಎಂದು ನೆಮ್ಮದಿಪಡಬೇಡಿ. ಆಲೆಮನೆಯ ಬೆಲ್ಲವೂ ಬಹುಪಾಲು ಸಕ್ಕರೆಯೇ. ರಾಗಿ ಒಳ್ಳೆಯದು, ಆದರೆ ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನ ಬಡಿಸಿಕೊಂಡರೆ ಲಾಭವಿಲ್ಲ. ಮುದ್ದೆ ಸಣ್ಣದಾಗಲಿ, ಬಸ್ಸಾರಿನ ಕಾಳು, ಸೊಪ್ಪಿನ ಪಲ್ಯ ಹೆಚ್ಚಾಗಲಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಮೈ ಇನ್ಸುಲಿನ್‌ಗೆ ಸ್ಪಂದಿಸಲು ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವೈದ್ಯರು ಬರೆದರೆ ಊಟದ ಜೊತೆ ನುಂಗಿ. ಸಾಮಾನ್ಯವಾಗಿ 500 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಒಮ್ಮೆಲೇ ಏರಿಸಿದರೆ ಹೊಟ್ಟೆ ಕೆಡುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ವಿಟಮಿನ್ ಬಿ12 ಪರೀಕ್ಷಿಸಿಕೊಳ್ಳಿ. ಸಕ್ಕರೆ ಈಗ ಸರಿಯಿದ್ದರೂ ಒಂದರಿಂದ ಮೂರು ವರ್ಷದೊಳಗೆ ಪರೀಕ್ಷೆ ಮತ್ತೆ ಆಗಬೇಕು. ಗರ್ಭ ಧರಿಸುವ ಯೋಚನೆಯಿದ್ದರೆ ಅದಕ್ಕೂ ಮುಂಚೆಯೇ. ನಮಸ್ಕಾರ.