ಒಂದು ಹಲ್ಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿಯಿಂದ ಬೆಂಗಳೂರಿಗೆ ನಾನು ಬೈಕಿನಲ್ಲೇ ಹೋಗಿ ಬರುವವನು. ಶಿವಮೊಗ್ಗ, ಭದ್ರಾವತಿ, ತರೀಕೆರೆ ಕಳೆದು ಕಡೂರು ಬಂತೆಂದರೆ ಬಯಲು ರಸ್ತೆ. ಅಲ್ಲಿ ಐದನೇ ಗೇರಿನಲ್ಲೂ ಇಂಜಿನ್ ಕೂಗುತ್ತಲೇ ಇರುತ್ತಿತ್ತು. ಫುಟ್‌ರೆಸ್ಟ್ ನಡುಗಿ ಪಾದ ಜೋಮು ಹಿಡಿಯುತ್ತಿತ್ತು. ಇನ್ನೊಂದು ಗೇರ್ ಇದೆಯೇನೋ ಅಂತ ಕಾಲು ತಾನಾಗಿಯೇ ಲಿವರ್ ಎತ್ತಲು ಹೋಗುತ್ತಿತ್ತು. ನಿಮಗೂ ಹೀಗಾಗಿದೆ ಅಲ್ವಾ?

ಇದಕ್ಕೆ ಮೆಕ್ಯಾನಿಕ್‌ಗಳು ಹೇಳುವ ಉಪಾಯ ಒಂದಿದೆ. ಚೈನ್ ಎರಡು ಸ್ಪ್ರಾಕೆಟ್, ಅಂದರೆ ಅಂಚಿನಲ್ಲಿ ಹಲ್ಲುಗಳಿರುವ ಬಿಲ್ಲೆಗಳ ಮೇಲೆ ಓಡುತ್ತದೆ. ಇಂಜಿನ್ ಕಡೆಯ ಮುಂದಿನದು ಚಿಕ್ಕದು, ಹಿಂದಿನ ಚಕ್ರದಲ್ಲಿರುವುದು ದೊಡ್ಡದು. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಅಂತಿಟ್ಟುಕೊಳ್ಳಿ. ಮುಂದಿನದು ಮೂರು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು. ಮುಂದೆ 15 ಹಲ್ಲಿನದನ್ನು ಹಾಕಿದರೆ 2.8 ಸುತ್ತು ಸಾಕು. ಅದೇ ವೇಗದಲ್ಲಿ ನಿಮಿಷಕ್ಕೆ 6000 ಸುತ್ತುತ್ತಿದ್ದ ಇಂಜಿನ್ 5600ಕ್ಕೆ ಇಳಿಯುತ್ತದೆ. ಒಳಗಿನ ಘರ್ಷಣೆ ಕಡಿಮೆ, ಪೆಟ್ರೋಲೂ ಸ್ವಲ್ಪ ಉಳಿಯುತ್ತದೆ.

ನಾನೂ ಹಾಕಿಸಿದೆ. ಅರಸೀಕೆರೆ, ತಿಪಟೂರು ಕಡೆ ತೆಂಗಿನ ತೋಟಗಳ ನಡುವೆ ಗಾಡಿ ತಣ್ಣಗೆ ಸಾಗಿತು. ತುಂಬ ಖುಷಿಯಾಯಿತು.

ಆದರೆ ಬೆಂಗಳೂರಿನಲ್ಲಿ ಮೀಟರ್ ನೋಡಿದರೆ ಮೈಲೇಜ್ ಮೊದಲಿಗಿಂತ ಕಡಿಮೆ! ಆಮೇಲೆ ಗೊತ್ತಾಯಿತು. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರಿನ ಸೆನ್ಸರ್ ಗೇರ್‌ಬಾಕ್ಸಿನಲ್ಲಿರುತ್ತದೆ. ಹಲ್ಲು ಬದಲಾಗಿದ್ದು ಅದಕ್ಕೆ ತಿಳಿಯುವುದಿಲ್ಲ. ನಿಜವಾಗಿ 300 ಕಿಲೋಮೀಟರ್ ಓಡಿದರೆ 280 ಅಂತ ತೋರಿಸುತ್ತದೆ. ಗಾಡಿ 60ರಲ್ಲಿದ್ದರೆ ಮುಳ್ಳು 56ರಲ್ಲಿ. ಮುಂದಿನ ಚಕ್ರದಿಂದ ಕೇಬಲ್ ಬರುವ ಗಾಡಿಗೆ ಈ ತೊಂದರೆ ಇಲ್ಲ.

ನಿಜವಾದ ಪರೀಕ್ಷೆ ಆಗುಂಬೆಯಲ್ಲಾಯಿತು. ಉಡುಪಿ ಕಡೆಯಿಂದ ಬರುತ್ತಿದ್ದೆವು. ಹಿಂದೆ ಹೆಂಡತಿ, ಟ್ಯಾಂಕ್ ಮೇಲೆ ಒಂದು ಚೀಲ, ಜಡಿಮಳೆ. ಸೋಮೇಶ್ವರ ದಾಟಿದರೆ 14 ಹಿಮ್ಮುರಿ ತಿರುವು. ಇಂಜಿನ್ ಸುತ್ತು ಕಡಿಮೆಯಾದಷ್ಟು ಚಕ್ರಕ್ಕೆ ಸಿಗುವ ಎಳೆತವೂ ಕಡಿಮೆ, ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಈಗ ಏದುಸಿರು ಬಿಡತೊಡಗಿತು. ಒಂದು ತಿರುವಿನಲ್ಲಿ ಮುಂದಿದ್ದ ಬಸ್ಸು ನಿಂತಿತು. ನಾನೂ ನಿಂತೆ. ಮತ್ತೆ ಹೊರಡಬೇಕಾದರೆ ಅರ್ಧ ಕ್ಲಚ್ಚಿನಲ್ಲೇ ಎಳೆಯಬೇಕಾಯಿತು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮಳೆಯಲ್ಲೂ ಮೂಗಿಗೆ ಹೊಡೆಯಿತು. "ನಾನು ಇಳೀತೀನಿ, ನೀವು ಮೇಲೆ ಹೋಗಿ ನಿಲ್ಸಿ" ಅಂದಳು. ಅವಳು ನೆನೆಯುತ್ತಾ ಘಾಟಿ ಹತ್ತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಳಿಜಾರಿನಲ್ಲೂ ಅಷ್ಟೇ. ಗೇರಿನಲ್ಲಿಟ್ಟು ಇಳಿಸುವಾಗ ಇಂಜಿನ್ ಹಿಡಿಯುತ್ತಿದ್ದ ಬಿಗಿ ಸಡಿಲವಾಗುತ್ತದೆ, ಬ್ರೇಕಿನ ಮೇಲೆ ಭಾರ ಜಾಸ್ತಿ. ಒದ್ದೆ ರಸ್ತೆಯಲ್ಲಿ ಇದು ಸಣ್ಣ ಮಾತಲ್ಲ. ಮಾರನೇ ವಾರವೇ 14 ಹಲ್ಲಿನದನ್ನು ವಾಪಸ್ ಹಾಕಿಸಿದೆ.

ಹಾಗಾದರೆ ಯಾರೂ ಹಾಕಿಸಬೇಡಿ ಅಂತಲೇ? ಅಲ್ಲ. ನಿಮ್ಮ ಓಡಾಟ ಹೆಚ್ಚಾಗಿ ಬಯಲಿನಲ್ಲಿದ್ದು, ಒಬ್ಬರೇ ಹೋಗುವವರಾದರೆ ಖಂಡಿತ ಹಾಕಿಸಿ. ಒಂದೇ ಹಲ್ಲು, ಅದಕ್ಕಿಂತ ಜಾಸ್ತಿ ಬೇಡ. ಚಿಕ್ಕ ಇಂಜಿನ್ ಎದುರು ಗಾಳಿಗೆ ಟಾಪ್ ಗೇರ್ ಎಳೆಯಲಾರದೆ ನಾಲ್ಕಕ್ಕೆ ಇಳಿದರೆ ಲಾಭವೆಲ್ಲ ಹೋಯಿತು. ಕವರಿನೊಳಗೆ ಚೈನಿಗೆ ಜಾಗ ಇದೆಯೇ ನೋಡಿಸಿ. ಚೈನ್ ಹಳೆಯದಾಗಿದ್ದರೆ ಪೂರಾ ಸೆಟ್ಟನ್ನೇ ಬದಲಿಸಿ. ಸವೆದ ಚೈನ್ ಹೊಸ ಹಲ್ಲನ್ನು ಬೇಗ ತಿಂದುಹಾಕುತ್ತದೆ.

ನಾನೀಗ ಹಲ್ಲಿನ ಗೊಡವೆ ಬಿಟ್ಟು ವೇಗ ಇಳಿಸಿದ್ದೇನೆ. 80ರಿಂದ 60ಕ್ಕೆ ಇಳಿದರೆ ಗಾಳಿಯ ತಡೆ ಹತ್ತಿರ ಹತ್ತಿರ ಅರ್ಧವಾಗುತ್ತದೆ. ಬೆಳಿಗ್ಗೆ ಒಂದು ಗಂಟೆ ಮುಂಚೆ ಹೊರಡುತ್ತೇನೆ. ಮೈಲೇಜ್ ತಿಳಿಯಲು ಹೊರಡುವಾಗ ಟ್ಯಾಂಕ್ ಫುಲ್, ತುಮಕೂರಿನಲ್ಲಿ ಮತ್ತೆ ಫುಲ್. ನಡುವಿನ ದೂರಕ್ಕೆ ರಸ್ತೆ ಬದಿಯ ಮೈಲಿಗಲ್ಲೇ ನನ್ನ ಲೆಕ್ಕ. ನಮಸ್ಕಾರ.