ಮರೆತ ಊರಿಗೆ ಮರಳಿದವರು

ಕೇಳುಗರಿಗೆ ನಮಸ್ಕಾರ. ಬಾಲ್ಯದಲ್ಲಿ ಕಂಡ ಗುಮ್ಮನನ್ನು ನಡುವಯಸ್ಸಿನಲ್ಲಿ ಮತ್ತೊಮ್ಮೆ ಎದುರಿಸಬೇಕಾಗಿ ಬಂದವರ ಕಥೆಯಾದ ‘ಇಟ್ ಚಾಪ್ಟರ್ ಟು’ ಎಂಬ ಚಲನಚಿತ್ರದ ಬಗ್ಗೆ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. 2019ರಲ್ಲಿ ತೆರೆಗೆ ಬಂದ ಈ ಚಿತ್ರ, ಅದಕ್ಕಿಂತ ಎರಡು ವರ್ಷ ಮೊದಲು ಬಂದು ಅಪಾರ ಹಣ ಗಳಿಸಿದ ‘ಇಟ್’ ಚಿತ್ರದ ಉತ್ತರಾರ್ಧ. ಎರಡಕ್ಕೂ ಮೂಲ, ಸ್ಟೀಫನ್ ಕಿಂಗ್ 1986ರಲ್ಲಿ ಪ್ರಕಟಿಸಿದ, ಸಾವಿರ ಪುಟಗಳನ್ನು ಮೀರಿದ ಕಾದಂಬರಿ. ಎರಡನ್ನೂ ನಿರ್ದೇಶಿಸಿದವರು ಅರ್ಜೆಂಟೀನಾದ ಆಂಡಿ ಮುಸ್ಕಿಯೆಟ್ಟಿ. ಚಿತ್ರವನ್ನು ಇನ್ನೂ ನೋಡದವರು ಕ್ಷಮಿಸಬೇಕು. ಕಥೆಯ ಕೊನೆಯನ್ನು ಮುಚ್ಚಿಟ್ಟುಕೊಂಡು ಇದರ ಬಗ್ಗೆ ಮಾತನಾಡುವುದು ಕಷ್ಟ.

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ ಡೆರ್ರಿ ಎಂಬ ಕಲ್ಪಿತ ಊರು. 27 ವರ್ಷಗಳಿಗೊಮ್ಮೆ ಅಲ್ಲಿನ ನೆಲದಡಿಯ ಚರಂಡಿಗಳಿಂದ ಏನೋ ಒಂದು ಎದ್ದು ಬಂದು ಮಕ್ಕಳನ್ನು ತಿನ್ನುತ್ತದೆ. ಅದು ಹೆಚ್ಚಾಗಿ ಧರಿಸುವ ರೂಪ ಪೆನ್ನಿವೈಸ್ ಎಂಬ ಸರ್ಕಸ್ ಕೋಡಂಗಿಯದು. 1989ರ ಬೇಸಿಗೆಯಲ್ಲಿ ಏಳು ಮಕ್ಕಳು ಅದನ್ನು ಹಿಮ್ಮೆಟ್ಟಿಸಿ, ಅದು ಮತ್ತೆ ಬಂದರೆ ತಾವೂ ಮರಳಿ ಬರುತ್ತೇವೆಂದು ಅಂಗೈ ಕೊಯ್ದುಕೊಂಡು ಆಣೆ ಮಾಡುತ್ತಾರೆ. ಉತ್ತರಾರ್ಧ ಶುರುವಾಗುವ ಹೊತ್ತಿಗೆ ಅವರಲ್ಲಿ ಆರು ಮಂದಿ ಊರು ಬಿಟ್ಟಿದ್ದಾರೆ. ಒಬ್ಬ ಕಾದಂಬರಿಕಾರ, ಒಬ್ಬ ವೇದಿಕೆಯ ಮೇಲೆ ಜನರನ್ನು ನಗಿಸುವವ, ಒಬ್ಬ ವಾಸ್ತುಶಿಲ್ಪಿ, ಒಬ್ಬಾಕೆ ಉಡುಪುಗಳ ವಿನ್ಯಾಸಕಿ. ಎಲ್ಲರೂ ಒಂದು ನೆಲೆ ಕಂಡವರೇ. ಊರಿನಿಂದ ದೂರ ಹೋದಷ್ಟೂ ಅಲ್ಲಿ ನಡೆದದ್ದು ಅವರ ನೆನಪಿನಿಂದ ಅಳಿಸಿಹೋಗಿದೆ. ಏಳನೆಯವನಾದ ಮೈಕ್ ಮಾತ್ರ ಊರಿನ ಗ್ರಂಥಾಲಯದ ಮೇಲಂತಸ್ತಿನಲ್ಲಿ ವಾಸಿಸುತ್ತ, ಎಲ್ಲವನ್ನೂ ನೆನಪಿಟ್ಟುಕೊಂಡು ಬಡವನಾಗಿಯೇ ಉಳಿದಿದ್ದಾನೆ.

ಈ ಮರೆವೇ ಕಥೆಯ ನಿಜವಾದ ಭಯ ಎಂದು ನನಗೆ ಅನ್ನಿಸುತ್ತದೆ. ಮೈಕ್ ಒಬ್ಬೊಬ್ಬರಿಗೂ ಫೋನ್ ಮಾಡಿದಾಗ, ಅವನು ಯಾರೆಂದು ಅವರಿಗೆ ಸರಿಯಾಗಿ ಹೊಳೆಯುವುದಿಲ್ಲ, ಆದರೆ ಅವರ ಮೈಗೆ ಗೊತ್ತಾಗಿಬಿಡುತ್ತದೆ. ಎಡ್ಡಿ ಕಾರನ್ನು ಗುದ್ದಿಸುತ್ತಾನೆ. ರಿಚಿ ಪ್ರದರ್ಶನಕ್ಕೆ ಮೊದಲು ವಾಂತಿ ಮಾಡಿಕೊಳ್ಳುತ್ತಾನೆ. ಸ್ಟ್ಯಾನ್ಲಿ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಇನ್ನೂ ಸೂಕ್ಷ್ಮವಾದದ್ದು ಅವರು ಕಟ್ಟಿಕೊಂಡ ಸಂಸಾರಗಳಲ್ಲಿದೆ. ಹೊಡೆಯುವ ತಂದೆಯಿಂದ ತಪ್ಪಿಸಿಕೊಂಡ ಬೆವರ್ಲಿ ಹೊಡೆಯುವ ಗಂಡನನ್ನು ಮದುವೆಯಾಗಿದ್ದಾಳೆ. ಆರೋಗ್ಯದ ನೆಪದಲ್ಲಿ ಮಗನನ್ನು ಉಸಿರುಗಟ್ಟಿಸಿದ್ದ ಎಡ್ಡಿಯ ತಾಯಿಯ ಪಾತ್ರವನ್ನು ಪೂರ್ವಾರ್ಧದಲ್ಲಿ ಮಾಡಿದ ನಟಿ ಮಾಲಿ ಅಟ್ಕಿನ್ಸನ್ ಅವರೇ ಇಲ್ಲಿ ಅವನ ಹೆಂಡತಿಯಾಗಿಯೂ ಕಾಣಿಸಿಕೊಳ್ಳುತ್ತಾರೆ. ಚಿತ್ರ ಇದನ್ನು ಎತ್ತಿ ಹೇಳುವುದಿಲ್ಲ, ಗಮನಿಸದವರು ಗಮನಿಸದೆಯೇ ಮುಂದೆ ಹೋಗಬಹುದು. ನೆನಪು ಹೋದರೂ ಭಯ ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ ಎಂಬುದನ್ನು ಯಾವ ಕೋಡಂಗಿಯೂ ಇದಕ್ಕಿಂತ ಚೆನ್ನಾಗಿ ತೋರಿಸಲಾರ.

ಹೀಗಿದ್ದರೂ ಚಿತ್ರಕ್ಕೆ ತನ್ನ ಕೈಯಲ್ಲಿರುವುದರ ಮೇಲೆ ನಂಬಿಕೆ ಸಾಲದು. ಒಂದೇ ಒಂದು ದೃಶ್ಯದಲ್ಲಿ ಅದರ ಬಲವೂ ದೌರ್ಬಲ್ಯವೂ ಒಟ್ಟಿಗೆ ಸಿಗುತ್ತವೆ. ಬೆವರ್ಲಿ ತಾನು ಬೆಳೆದ ಮನೆಯನ್ನು ಹುಡುಕಿಕೊಂಡು ಹೋಗುತ್ತಾಳೆ. ಈಗ ಅಲ್ಲಿರುವ ಮುದುಕಿ ಅವಳನ್ನು ಒಳಗೆ ಕರೆದು, ಚಹಾ ಕೊಟ್ಟು, ಬಿಸ್ಕತ್ತಿನ ತಟ್ಟೆಯನ್ನು ಮುಂದಿಡುತ್ತಾಳೆ. ಎಲ್ಲವೂ ಸೌಜನ್ಯದಿಂದಲೇ ನಡೆಯುತ್ತಿರುವಾಗ, ಮುದುಕಿ ಮಾತಿನ ನಡುವೆ ತಟಕ್ಕನೆ ನಿಂತು, ಕಣ್ಣು ಮಿಟುಕಿಸದೆ, ನಗುಮುಖದಲ್ಲೇ ಅಲುಗಾಡದೆ ಕುಳಿತುಬಿಡುತ್ತಾಳೆ; ನೋಡುವವರಿಗೆ ಪರದೆಯೇ ಕೆಟ್ಟು ನಿಂತಿತೇನೋ ಅನ್ನಿಸುವಷ್ಟು ಹೊತ್ತು. ಆಮೇಲೆ ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಯುತ್ತದೆ. ಬೆವರ್ಲಿ ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತಿರುವಾಗ ಅವಳ ಬೆನ್ನ ಹಿಂದೆ, ದೂರದ ಬಾಗಿಲಿನ ಆಚೆ, ಆ ಮುದುಕಿ ಬರಿಮೈಯಲ್ಲಿ ಸರಕ್ಕನೆ ಹಾದುಹೋಗುತ್ತಾಳೆ. ಅದನ್ನು ಕಂಡವರು ನಾವು ಮಾತ್ರ. ಇಷ್ಟಕ್ಕೇ ನಿಲ್ಲಿಸಿದ್ದರೆ ಈಚಿನ ವರ್ಷಗಳ ಭಯಾನಕ ಚಿತ್ರಗಳಲ್ಲೇ ಇದು ಅತ್ಯುತ್ತಮ ದೃಶ್ಯಗಳಲ್ಲಿ ಒಂದಾಗುತ್ತಿತ್ತು. ಆದರೆ ಮರುಕ್ಷಣವೇ ಆ ಮುದುಕಿ ಕಂಪ್ಯೂಟರಿನಲ್ಲಿ ತಯಾರಾದ ದೈತ್ಯಳಾಗಿ ಸೂರು ಮುಟ್ಟುವಷ್ಟು ಬೆಳೆದು ಮೇಲೆರಗುತ್ತಾಳೆ, ಅಲ್ಲಿಯವರೆಗೆ ಬಿಗಿಹಿಡಿದಿದ್ದ ಉಸಿರನ್ನು ನಾವು ಬಿಟ್ಟು ಹಗುರಾಗುತ್ತೇವೆ.

ಈ ತೊಂದರೆಯ ಬೇರು ಕಥೆಯನ್ನು ಒಡೆದ ರೀತಿಯಲ್ಲಿದೆ. ಕಾದಂಬರಿಯಲ್ಲಿ ಬಾಲ್ಯವೂ ಪ್ರಾಯವೂ ಬೇರೆ ಬೇರೆ ಭಾಗಗಳಾಗಿಲ್ಲ. ಅವು ಜಡೆಯ ಕಾಲುಗಳಂತೆ ಒಂದರೊಳಗೊಂದು ಹೆಣೆದುಕೊಂಡಿವೆ, ದೊಡ್ಡವನು ಒಂದು ಬೀದಿಯಲ್ಲಿ ನಡೆದರೆ ಅಲ್ಲೇ ಚಿಕ್ಕವನ ನೆನಪು ತೆರೆದುಕೊಳ್ಳುತ್ತದೆ. ಪೂರ್ವಾರ್ಧದ ಚಿತ್ರ ಮಕ್ಕಳ ಕಥೆಯನ್ನಷ್ಟೇ ಹೇಳಿ ಗೆದ್ದಿತು, ಆದರೆ ಆ ಗೆಲುವಿನ ಸಾಲ ಉತ್ತರಾರ್ಧದ ತಲೆಗೆ ಬಂತು. ಇಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಹೋಗಿ ತಮ್ಮ ಬಾಲ್ಯದ ಒಂದೊಂದು ವಸ್ತುವನ್ನು ತರಬೇಕು, ಒಬ್ಬೊಬ್ಬರಿಗೂ ಒಂದು ಹಿನ್ನೋಟ, ಒಂದು ಪಿಶಾಚಿ. ಮೂರನೆಯವರ ಹೊತ್ತಿಗೆ ಮುಂದಿನದು ಯಾವಾಗ ಬರುತ್ತದೆಂದು ಪ್ರೇಕ್ಷಕರು ಕರಾರುವಾಕ್ಕಾಗಿ ಹೇಳಬಲ್ಲರು. ಹಿನ್ನೋಟಗಳಿಗೆ ಬೇಕಾದ ಮಕ್ಕಳು ಎರಡು ವರ್ಷಗಳಲ್ಲಿ ಎತ್ತರಕ್ಕೆ ಬೆಳೆದುಬಿಟ್ಟಿದ್ದರಿಂದ ಅವರ ಮುಖಗಳನ್ನೂ ತಂತ್ರಜ್ಞಾನದಿಂದ ಎಳೆಯದಾಗಿಸಬೇಕಾಯಿತು. ಚಿತ್ರದ ಅವಧಿ 169 ನಿಮಿಷಕ್ಕೆ ಬಂದು ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾದಂಬರಿಕಾರ ಬಿಲ್‌ನ ಪುಸ್ತಕಗಳ ಮುಕ್ತಾಯ ಯಾರಿಗೂ ಹಿಡಿಸುವುದಿಲ್ಲವೆಂಬ ತಮಾಷೆ ಚಿತ್ರದುದ್ದಕ್ಕೂ ಬರುತ್ತದೆ. ಹಳೆಯ ಸಾಮಾನಿನ ಅಂಗಡಿಯವನಾಗಿ ಸ್ವತಃ ಸ್ಟೀಫನ್ ಕಿಂಗ್ ಅವರೇ ಬಂದು ಅದನ್ನು ಹೇಳಿ ಹೋಗುತ್ತಾರೆ. ಇಷ್ಟು ಮುಂಜಾಗ್ರತೆ ವಹಿಸಿಯೂ ಈ ಚಿತ್ರದ ಮುಕ್ತಾಯ ನನಗೆ ಒಪ್ಪಿಗೆಯಾಗಲಿಲ್ಲ. ಪೆನ್ನಿವೈಸ್ ಕೇವಲ ಒಬ್ಬ ಕೋಡಂಗಿ ಎಂದು ಎಲ್ಲರೂ ಸುತ್ತುವರಿದು ಮೂದಲಿಸಿದಂತೆ ಅವನು ಕುಗ್ಗುತ್ತ ಕುಗ್ಗುತ್ತ ಕೂಸಿನಷ್ಟಾಗುತ್ತಾನೆ. ಶಾಲೆಯಲ್ಲಿ ಮೂದಲಿಕೆಗೆ ಗುರಿಯಾಗಿಯೇ ಒಂದಾದ ಗೆಳೆಯರು ಕೊನೆಗೆ ಮೂದಲಿಕೆಯನ್ನೇ ಆಯುಧ ಮಾಡಿಕೊಂಡರಲ್ಲ ಎಂಬ ಕಸಿವಿಸಿ ಚಿತ್ರಕ್ಕೆ ಇದ್ದಂತಿಲ್ಲ. ಸ್ಟ್ಯಾನ್ಲಿಯ ಆತ್ಮಹತ್ಯೆಯನ್ನು ಗೆಳೆಯರ ಗೆಲುವಿಗಾಗಿ ಮಾಡಿದ ತ್ಯಾಗವೆಂಬಂತೆ ವಿವರಿಸುವ ಪತ್ರವಂತೂ ಬೇಡವೇ ಬೇಡವಾಗಿತ್ತು.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಚಿತ್ರದ ಮೊದಲ ಕೊಲೆಯಲ್ಲಿ ಕೈಹಾಕುವವರು ಮನುಷ್ಯರು. ಜಾತ್ರೆಯಿಂದ ಹೊರಟ ಇಬ್ಬರು ಸಲಿಂಗಿ ಪ್ರೇಮಿಗಳನ್ನು ಊರಿನ ಪುಂಡರು ಅಡ್ಡಗಟ್ಟಿ ಹೊಡೆದು, ಒಬ್ಬನನ್ನು ಸೇತುವೆಯಿಂದ ಹೊಳೆಗೆ ಎಸೆಯುತ್ತಾರೆ; ಕೋಡಂಗಿ ಕಾಣಿಸಿಕೊಳ್ಳುವುದು ಅದಾದ ಮೇಲೆ. ಈ ಪ್ರಸಂಗ ಕಾದಂಬರಿಯಲ್ಲೂ ಇದೆ, ಅದರ ಹಿಂದೆ ನಿಜವಾದ ಒಂದು ಸಾವೂ ಇದೆ. ಕಿಂಗ್ ಅವರು ನೆಲೆಸಿದ್ದ, ಡೆರ್ರಿಗೆ ಮಾದರಿಯಾದ ಬ್ಯಾಂಗರ್ ನಗರದಲ್ಲಿ 1984ರಲ್ಲಿ ಚಾರ್ಲಿ ಹೋವರ್ಡ್ ಎಂಬ 23 ವರ್ಷದ ಯುವಕನನ್ನು ಮೂವರು ಹದಿಹರೆಯದವರು ಸೇತುವೆಯಿಂದ ಕೆಳಗೆಸೆದರು. ಅವನು ಹೊಳೆಯಲ್ಲಿ ಮುಳುಗಿ ಸತ್ತ. ಕಾದಂಬರಿ ಇಂಥ ಕ್ರೌರ್ಯಕ್ಕೂ ಊರಿನ ಮೌನಕ್ಕೂ ನಂಟು ಕಟ್ಟುತ್ತ ನೂರಾರು ಪುಟ ನಡೆಯುತ್ತದೆ. ಚಿತ್ರ ಈ ಹಲ್ಲೆಯನ್ನು ಕಣ್ಣು ತಿರುಗಿಸಿಕೊಳ್ಳಬೇಕೆನಿಸುವಷ್ಟು ಹತ್ತಿರದಿಂದ ತೋರಿಸಿ, ಪೆನ್ನಿವೈಸ್ ಮರಳಿದ್ದಾನೆಂಬ ಸುದ್ದಿಯನ್ನು ಮೈಕ್‌ಗೆ ಮುಟ್ಟಿಸಲು ಬಳಸಿಕೊಂಡು, ಆ ಪುಂಡರ ಕಡೆಗಾಗಲಿ ಅವರನ್ನು ಬೆಳೆಸಿದ ಊರಿನ ಕಡೆಗಾಗಲಿ ಮತ್ತೆ ತಿರುಗಿಯೂ ನೋಡುವುದಿಲ್ಲ. ನಮಸ್ಕಾರ.